ಅಡ್ಡಿಲ್ಲೆ

ನನ್ನ ಗಂಡ ದೆಹಲಿಯ ರಾಜ್ಯಸಭೆಗೆ ರಾಜೀನಾಮೆ ಕೊಟ್ಟು, ಕೊಂಬೇಸರದ ಗ್ರಾಮ ಪಂಚಾಯ್ತಿಗೆ ನಿಲ್ಲುತ್ತೇನೆಂದು ಬಂದಾಗ ಊರಿನಲ್ಲಿ ಯಾರೂ ನಗಲಿಲ್ಲ. ನಕ್ಕುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲರೂ "ಅಡ್ಡಿಲ್ಲೆ" ಎಂದರು.

ಈ ಮಾತು ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನಾವು ಈ ಒಂದು ಮಾತಿನಲ್ಲೇ ಸಂಸಾರ ತೂಗಿಸುತ್ತೇವೆ. ಮದುವೆಯ ಊಟ ಹೇಗಿತ್ತು? ಅಡ್ಡಿಲ್ಲೆ. ಹುಡುಗಿ ಹೇಗಿದ್ದಾಳೆ? ಅಡ್ಡಿಲ್ಲೆ. ಜ್ವರ ಬಿಟ್ಟಿತೇ? ಅಡ್ಡಿಲ್ಲೆ. ನಮ್ಮ ಹವ್ಯಕರ ಬಾಯಲ್ಲಿ ಅದು ಅಡ್ಡಿಲ್ಲೆ, ಉಳಿದವರ ಬಾಯಲ್ಲಿ ಅಡ್ಡಿಲ್ಲ. ಬಹಳ ಚೆನ್ನಾಗಿದೆ ಎನ್ನುವುದಕ್ಕೂ ಅದೇ, ಏನೋ ಸಹಿಸಿಕೊಳ್ಳುತ್ತೇನೆ ಎನ್ನುವುದಕ್ಕೂ ಅದೇ. ಯಾವುದು ಯಾವುದೆಂದು ರಾಗದಲ್ಲಿ ತಿಳಿದುಕೊಳ್ಳಬೇಕು. ಮದುವೆಯಾದಾಗಿನಿಂದ ನನ್ನ ಗಂಡನಿಗೆ ದಿನವೂ "ಚಾ ಅಕ್ಕಾ?", ಅಂದರೆ ಚಹಾ ಆಗಬಹುದೇ, ಎಂದು ಕೇಳುತ್ತ ಬಂದಿದ್ದೇನೆ. ಒಂದು ದಿನ ಬೇಕು ಎಂದವರಲ್ಲ, ಬೇಡ ಎಂದವರೂ ಅಲ್ಲ. ಅಡ್ಡಿಲ್ಲೆ ಎನ್ನುತ್ತಾರೆ, ನಾನು ಚಹಾಕ್ಕೆ ಇಡುತ್ತೇನೆ.

ಅವರ ಹೆಸರು ನಾಗಪತಿ ಹೆಗಡೆ. ಶಿರಸಿ ಕೋರ್ಟಿನಲ್ಲಿ ವಕೀಲರಾಗಿದ್ದರು. ಬೇಲಿ ಕೇಸು, ದಾರಿ ಕೇಸು ನಡೆಸಿಕೊಂಡು, ಬಿಡುವಿನಲ್ಲಿ ಪಕ್ಷದವರಿಗೆ ಭಾಷಣ ಬರೆದುಕೊಡುತ್ತಿದ್ದರು. ಹಾಗೆ ಬರೆಸಿಕೊಂಡವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ದೊಡ್ಡವರಾದರು. ತೊಂಬತ್ತಾರರಲ್ಲಿ ಒಂದು ಮಧ್ಯಾಹ್ನ ಫೋನು ಬಂತು. ಸ್ವಲ್ಪ ದಿನದಲ್ಲೇ ಇವರು ರಾಜ್ಯಸಭೆಯ ಸದಸ್ಯರು. ಅಲ್ಲಿಗೆ ವೋಟು ಹಾಕುವವರು ಶಾಸಕರು, ನಮ್ಮ ನಿಮ್ಮಂಥವರಲ್ಲ. ಆ ಸಲ ಇದ್ದ ಜಾಗಗಳೆಷ್ಟೋ ನಿಂತವರೂ ಅಷ್ಟೇ ಜನ ಆದ್ದರಿಂದ ಶಾಸಕರೂ ವೋಟು ಹಾಕಬೇಕಾಗಿ ಬರಲಿಲ್ಲ. ಅವಿರೋಧ ಆಯ್ಕೆ ಎಂದು ಪೇಪರಿನಲ್ಲಿ ಬಂತು.

ಸುಳ್ಳು ಹೇಳಬಾರದು, ನನಗೆ ದೆಹಲಿ ಹಿಡಿಸಿತ್ತು. ಸರ್ಕಾರದ ಮನೆ, ಎದುರಿಗೆ ಅಂಗೈಯಗಲ ಜಾಗ, ಅದರಲ್ಲಿ ನಾನು ಸೇವಂತಿಗೆ ನೆಟ್ಟಿದ್ದೆ. ಪಕ್ಕದ ಮನೆಯಲ್ಲಿ ಉತ್ತರದ ಕಡೆಯ ಒಬ್ಬ ಲೋಕಸಭಾ ಸದಸ್ಯರಿದ್ದರು. ಒಳ್ಳೆಯ ಮನುಷ್ಯ, ಆದರೆ ಬೆಳಗಿನ ವಾಕಿಂಗಿನಲ್ಲಿ ಅವರದು ಒಂದೇ ಮಾತು: ಯಾರು ಎಷ್ಟು ಅಂತರದಲ್ಲಿ ಗೆದ್ದರು. ತಮ್ಮದು ಲಕ್ಷದ ಮೇಲೆ ಎನ್ನುವರು, ಆಮೇಲೆ ಇವರ ಕಡೆ ತಿರುಗಿ "ನಿಮ್ಮದೆಷ್ಟು?" ಎಂದು ಕೇಳಿ, ತಾವೇ ನೆನಪು ಮಾಡಿಕೊಂಡು "ಓಹೋ, ನೀವು ಆ ಮನೆಯವರಲ್ಲವೇ" ಎಂದು ಭುಜ ತಟ್ಟುವರು. ಇವರು ನಗುತ್ತಿದ್ದರು. ಮನೆಗೆ ಬಂದ ಮೇಲೆ ನಗು ಇರುತ್ತಿರಲಿಲ್ಲ.

ಅದು ಹೇಗೋ ನಡೆದುಹೋಗುತ್ತಿತ್ತು, ನನ್ನ ತವರಿನ ಮದುವೆ ಬಾರದಿದ್ದರೆ. ನನ್ನ ತವರು ಯಲ್ಲಾಪುರ ಸೀಮೆಯ ನಂದೊಳ್ಳಿ. ತೊಂಬತ್ತೊಂಬತ್ತರ ಕೊನೆಯಲ್ಲಿ ಅಣ್ಣನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಅಣ್ಣ ಭಾರೀ ಹೆಮ್ಮೆಯಿಂದ "ಇವು ನಮ್ಮ ಭಾವ, ಎಂಪಿ" ಎಂದು ಎದುರಿನ ಸಾಲಿನ ಅಜ್ಜನೊಬ್ಬನಿಗೆ ಪರಿಚಯ ಮಾಡಿಸಿದ.

ಅಜ್ಜ ಅನ್ನ ಕಲಸುವುದನ್ನು ನಿಲ್ಲಿಸಿ ನೋಡಿದ. "ಎಂಪಿಯಾ? ಆನು ವೋಟು ಹಾಕಿದ್ದು ಬೇರೆಯವಕ್ಕಲ್ದನಾ?"

"ಅದು ಎದುರು ಬಾಗಿಲಾತು ಅಜ್ಜಾ," ಎಂದು ಪಕ್ಕದ ಯಾರೋ ಹೇಳಿದರು. "ಇವು ಹಿತ್ಲ ಬಾಗಿಲವು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಮದುವೆ ಮನೆಯ ಕುಶಾಲು. ಇವರೂ ನಕ್ಕರು. ಆದರೆ ಪಾಯಸ ಬಂದಾಗ ಕೈ ಅಡ್ಡ ಹಿಡಿದರು. ನನ್ನ ಗಂಡ ಪಾಯಸ ಬೇಡ ಎಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಬರುವಾಗ ರಸೂಲನ ಜೀಪು. ರಸೂಲ್ ಶಿರಸಿಯವನು, ಇವರ ವಕೀಲಿಕೆಯ ಕಾಲದಿಂದಲೂ ನಾವು ಎಲ್ಲಿಗೆ ಹೋಗುವುದಿದ್ದರೂ ಅವನದೇ ಜೀಪು. ಯಲ್ಲಾಪುರ ದಾಟಿದ ಮೇಲೆ ಇವರು ಹೊರಗೆ ನೋಡುತ್ತಲೇ ತಮ್ಮ ಆಸೆ ಹೇಳಿದರು.

"ಪರಿಮಳಾ, ಒಂದ್ಸಲ ಆದ್ರೂ ಊರವು ಎನ್ನ ಆರಿಸವು."

"ಆರಿಸಲೆ ನಿಂಗ ಎಂತ ಅಕ್ಕಿಯೊಳಗಿನ ಕಲ್ಲಾ?" ಎಂದೆ. ರಸೂಲ್ ಕಿಸಕ್ಕನೆ ನಕ್ಕ. ಇವರು ನಗಲಿಲ್ಲ.

"ಕುಶಾಲಲ್ಲ. ಇಷ್ಟು ವರ್ಷಕ್ಕೆ ಒಬ್ಬ ಮನುಷ್ಯ ಮನೆಯಿಂದ ನಡ್ಕಂಡು ಹೋಗಿ, ಎನ್ನ ಹೆಸ್ರು ನೋಡಿ, ಇವ ಬೇಕು ಹೇಳಿ ಒಂದು ಮುದ್ರೆ ಒತ್ತಿದ್ನಿಲ್ಲೆ. ಒಬ್ಬನೂ ಇಲ್ಲೆ."

ಅವರ ದನಿ ಕೇಳಿ ನಾನು ಮತ್ತೆ ಕುಶಾಲು ಮಾಡಲಿಲ್ಲ. ಆದರೂ ಮರುದಿನ ಅವರು ರಾಜೀನಾಮೆಯ ಮಾತು ಎತ್ತಿದಾಗ ನಾನು ಬಾಯಿಗೆ ಬಂದಂತೆ ಬೈದೆ. ವಿಧಾನಸಭೆಯ ಚುನಾವಣೆ ಆಗಷ್ಟೇ ಮುಗಿದಿತ್ತು. ಹತ್ತಿರದಲ್ಲಿದ್ದದ್ದು ಎರಡು ಸಾವಿರದ ಫೆಬ್ರುವರಿಯ ಗ್ರಾಮ ಪಂಚಾಯ್ತಿ ಚುನಾವಣೆ ಒಂದೇ. ರಾಜ್ಯಸಭೆಯ ಅವಧಿ ಇನ್ನೂ ಎರಡು ವರ್ಷ ಬಾಕಿ. ನಿಂತು ನೋಡಿ, ಗೆದ್ದರೆ ಆಮೇಲೆ ಬಿಡಿ ಎಂದು ಪಕ್ಷದವರು ಫೋನಿನ ಮೇಲೆ ಫೋನು ಮಾಡಿದರು. ಒಂದು ಕಾಲು ಅಲ್ಲಿಟ್ಟುಕೊಂಡು ಇಲ್ಲಿ ವೋಟು ಕೇಳುವುದು ಸರಿಯಲ್ಲ ಎಂದು ಇವರು ಮೊದಲೇ ಬಿಟ್ಟರು. ನನ್ನ ಸೇವಂತಿಗೆ ಮೊಗ್ಗು ಬಿಟ್ಟಿತ್ತು. ಹೂವು ಅರಳುವುದನ್ನು ನೋಡದೆ ಗಂಟುಮೂಟೆ ಕಟ್ಟಿಕೊಂಡು ಬಂದೆ. ಅದಕ್ಕೆ ನನಗೆ ಈಗಲೂ ಸಿಟ್ಟಿದೆ.

ಕೊಂಬೇಸರ ಇವರ ಹುಟ್ಟೂರು, ಸಿದ್ದಾಪುರ ತಾಲೂಕು. ಶಿರಸಿಯಿಂದ ಬರುವ ರಸ್ತೆ ಒಂದು ದೊಡ್ಡ ತಿರುವು ತೆಗೆದುಕೊಳ್ಳುವಲ್ಲಿ ಬಸ್ಸು ನಿಲ್ಲುತ್ತದೆ. ನಮ್ಮಿಬ್ಬರ ವೋಟು ಮೊದಲಿನಿಂದ ಅಲ್ಲೇ ಇತ್ತು. ಮನೆಮನೆಗೆ ಹೋದೆವು. ನಾನು ಜೊತೆಗೆ ಹೋದದ್ದು ಪ್ರಚಾರಕ್ಕಲ್ಲ, ಜನ ಏನೆನ್ನುತ್ತಾರೆ ಕೇಳೋಣವೆಂದು. ಅಲ್ಲಲ್ಲಿ ಪಿಸುಪಿಸು ನಡೆದಿತ್ತು. ದೆಹಲಿಯಲ್ಲಿ ಏನೋ ಎಡವಟ್ಟು ಮಾಡಿಕೊಂಡಿದ್ದಾರೆ, ಪಕ್ಷದವರು ಹೊರಗೆ ಹಾಕಿದ್ದಾರೆ, ಶುಗರು ಜಾಸ್ತಿಯಾಗಿದೆ, ಹೀಗೆ. ಎಂಪಿಯಾದವ ಸುಮ್ಮಸುಮ್ಮನೆ ಪಂಚಾಯ್ತಿಗೆ ನಿಲ್ಲುತ್ತಾನೆಯೇ? ಎದುರಿಗೆ ಮಾತ್ರ ಕುಡಿಯಲು ಕೊಟ್ಟು, ಕೂರಿಸಿ, ಒಂದೇ ಮಾತು. ಅಡ್ಡಿಲ್ಲೆ. ಇವರು ಪ್ರತಿ ಮನೆಯಿಂದಲೂ ಉಬ್ಬಿಕೊಂಡು ಹೊರಗೆ ಬರುತ್ತಿದ್ದರು.

ಬಸ್ಸು ನಿಲ್ಲುವಲ್ಲಿ ಚನ್ನಯ್ಯನ ಅಂಗಡಿ. ಚಹಾವೂ ಸಿಗುತ್ತದೆ, ಉಪ್ಪು ಸಕ್ಕರೆಯೂ ಸಿಗುತ್ತದೆ. ಚನ್ನಯ್ಯ ನಲವತ್ತರ ಆಚೀಚಿನ ಗಟ್ಟಿ ಆಳು, ಊರಿನಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಗಾಡಿಗೆ ಓಡುವವನು ಅವನೇ. ಇವರು ವಿಷಯ ಹೇಳಿದರು. ಅವನು ಎರಡು ಗ್ಲಾಸು ಚಹಾ ನಮ್ಮ ಮುಂದಿಟ್ಟ.

"ನೀವು ನಿಲ್ತ್ರಿ ಅಂದ್ಮೇಲೆ ಮುಗೀತು. ಅಡ್ಡಿಲ್ಲ ಹೆಗಡೇರೆ," ಎಂದ. ಎಂದವನು ತಿರುಗಿ, ಆಗಲೇ ತೊಳೆದು ಕವುಚಿಟ್ಟ ಗ್ಲಾಸುಗಳನ್ನು ಮತ್ತೆ ತೊಳೆಯತೊಡಗಿದ.

ರಸ್ತೆಗೆ ಬಂದ ಮೇಲೆ ನಾನು ಕೇಳಿದೆ. "ಅಂವ ಹೇಳಿದ್ದು ಕೇಳ್ಚಾ ನಿಂಗಕ್ಕೆ?"

"ಕೇಳ್ಚು. ಅಡ್ಡಿಲ್ಲ ಹೇಳಿದ."

"ರಾಗ ಕೇಳ್ಚಾ?"

"ರಾಗ ಎಂತದೇ? ಅಂವ ಎಂತ ಸಂಗೀತ ಹೇಳಿದ್ನಾ?"

ಚನ್ನಯ್ಯ ಅದೇ ವಾರ್ಡಿಗೆ ಆಗಲೇ ನಾಮಪತ್ರ ಹಾಕಿದ್ದ. ಇದು ಇಡೀ ಊರಿಗೆ ಗೊತ್ತಿತ್ತು, ನಮ್ಮಿಬ್ಬರನ್ನು ಬಿಟ್ಟು. ನಮಗೆ ತಿಳಿದದ್ದು ನಾಮಪತ್ರಗಳ ಪರಿಶೀಲನೆಯ ದಿನ. ಇವರಿಗೆ ಖುಷಿಯೋ ಖುಷಿ. ಎದುರಾಳಿ ಇದ್ದಾನೆ, ಅಂದರೆ ಚುನಾವಣೆ ನಡೆಯುತ್ತದೆ, ಅಂದರೆ ಜನ ವೋಟು ಹಾಕುತ್ತಾರೆ. ಶಿರಸಿಗೆ ಹೋಗಿ ಹೊಸ ಚಪ್ಪಲಿ ತಂದರು, ಮನೆಮನೆ ತಿರುಗಲಿಕ್ಕೆ.

ಚಪ್ಪಲಿ ಸವೆಯಲಿಲ್ಲ. ನಮ್ಮ ಕಡೆ ಒಂದು ಪದ್ಧತಿ ಇದೆ. ಪಂಚಾಯ್ತಿ ಚುನಾವಣೆಗೆ ಪಕ್ಷ ಇಲ್ಲವಲ್ಲ, ಊರಿನ ಹಿರಿಯರೇ ಶಾಲೆಯ ಜಗಲಿಯಲ್ಲಿ ಕೂತು, ಸಾಧ್ಯವಾದಷ್ಟು ಜಗಳವಿಲ್ಲದಂತೆ ಮುಗಿಸಿಬಿಡುತ್ತಾರೆ. ಆ ಸಲವೂ ಕೂತರು. ದೆಹಲಿಯಿಂದ ಬಂದವರ ಎದುರಿಗೆ ಒಬ್ಬರನ್ನು ನಿಲ್ಲಿಸಿದರೆ ನಾಳೆ ಸೀಮೆಯವರು ಉಗಿಯುವುದಿಲ್ಲವೇ, ಊರಿನ ಮರ್ಯಾದೆ ಏನಾದೀತು ಎಂದು ಮಾತಾಯಿತು. ಇವರನ್ನು ಆ ಸಭೆಗೆ ಕರೆಯಲೂ ಇಲ್ಲ. ಮರ್ಯಾದೆ ಮಾಡಿಸಿಕೊಳ್ಳುವವರನ್ನು ಕೇಳುವ ರೂಢಿ ನಮ್ಮಲ್ಲಿಲ್ಲ. ಹಿಂದಕ್ಕೆ ಪಡೆಯುವ ಕೊನೆಯ ದಿನ ಚನ್ನಯ್ಯ ಹೋಗಿ ಸಹಿ ಹಾಕಿ ಬಂದ.

ಹಿರಿಯರು ಹಾರ ತಂದು ಹಾಕಿದರು. "ಅವಿರೋಧ! ಹೆಗಡೇರಂದ್ರೆ ಸುಮ್ನೆಯಾ?" ಇವರು ಹಾರ ಹಾಕಿಸಿಕೊಂಡು, ಎಲ್ಲರಿಗೂ ಕೈ ಮುಗಿದು, ಒಳಗೆ ಬಂದು ಕುರ್ಚಿಯ ಮೇಲೆ ಕೂತರು. "ಮತ್ತೂ ಅದೇ ಆತಲೇ," ಎಂದರು.

ಮತದಾನದ ದಿನ ಅಕ್ಕಪಕ್ಕದ ವಾರ್ಡುಗಳಲ್ಲಿ ಸಾಲು ನಿಂತಿತ್ತು. ನಮ್ಮ ವಾರ್ಡಿನವರಿಗೆ ಕೆಲಸವಿರಲಿಲ್ಲ. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಕ್ಕದ ಊರಿನ ಶಾಲೆಯ ತನಕ ಹೋಗಿ, ವೋಟು ಹಾಕಿ ಹೊರಬರುವವರನ್ನು ದೂರದಿಂದ ನೋಡಿಕೊಂಡು ಬಂದರು. ಹೆಂಗಸರು ಬೆರಳಿನ ಶಾಯಿಯನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರಂತೆ. ಊಟದ ಹೊತ್ತಿಗೆ ಅದನ್ನು ನನಗೆ ಹೇಳಿದರು. ನನ್ನ ಸಿಟ್ಟೆಲ್ಲ ಆ ಹೊತ್ತಿಗೆ ಇಳಿದುಹೋಗಿ, ಅಯ್ಯೋ ಪಾಪ ಎನಿಸಿತು. ಕೇಳದೆಯೇ ಇನ್ನೊಂದು ಸೌಟು ಬಡಿಸಿದೆ.

ಪಂಚಾಯ್ತಿಯಲ್ಲಿ ಇವರು ಕೆಲಸಗಳ್ಳರಾಗಿರಲಿಲ್ಲ, ಅದನ್ನು ಒಪ್ಪಬೇಕು. ಬೀದಿದೀಪ, ನಲ್ಲಿ ಎಂದು ದಿನಾ ಓಡಾಟ. ಆದರೆ ಸಭೆಯಲ್ಲಿ ಇವರು ಏನು ಹೇಳಿದರೂ ಪಾಸು. ರಾಜ್ಯಸಭೆಯಲ್ಲಾದರೂ ‘ಇಲ್ಲ’ ಎಂದು ಕೂಗುವವರು ಒಂದು ಸಾಲು ಇರುತ್ತಿದ್ದರಂತೆ. ಇಲ್ಲಿ ಅಧ್ಯಕ್ಷರೇ ಎದ್ದು ನಿಂತು, "ಎಂಪಿ ಸಾಹೇಬ್ರು ಹೇಳಿದ್ಮೇಲೆ ಆಯ್ತಲ್ಲ" ಎನ್ನುತ್ತಿದ್ದರು.

ಹಾಗೆ ಪಾಸಾದದ್ದೇ ಬಸ್ ತಂಗುದಾಣ. ಚನ್ನಯ್ಯನ ಅಂಗಡಿಯ ಎದುರು ಜನ ಬಿಸಿಲಲ್ಲಿ ನಿಲ್ಲುತ್ತಾರಲ್ಲ ಎಂದು ಇವರೇ ಹಠ ಹಿಡಿದು ಮಂಜೂರು ಮಾಡಿಸಿದರು. ಜಾಗ ಯಾವುದಾಗಬಹುದು ಎಂದು ಗ್ರಾಮಸಭೆಯಲ್ಲಿ ಕೇಳಿದರು. ತಿರುವಿನ ಈಚೆ, ದಿಬ್ಬದ ಕೆಳಗೆ ಸಮತಟ್ಟು ಜಾಗವಿದೆ, ಅಲ್ಲಿ ಆಗಬಹುದೇ? ಅಡ್ಡಿಲ್ಲೆ, ಅಡ್ಡಿಲ್ಲ ಎಂದು ಸಭೆ ಒಕ್ಕೊರಲಿನಿಂದ ಹೇಳಿತು. ಕಟ್ಟಿದರು, ಸುಣ್ಣ ಬಳಿದರು, ಸಿಮೆಂಟಿನ ಬೆಂಚು ಹಾಕಿದರು. ಅದರಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಕೂರಲಿಲ್ಲ. ಮೂರು ಕಡೆ ಗೋಡೆ, ತಿರುವಿನಲ್ಲಿ ದಿಬ್ಬದ ಅಡ್ಡ. ಒಳಗೆ ಕೂತರೆ ಶಿರಸಿ ಕಡೆಯಿಂದ ಬರುವ ಬಸ್ಸು ಕಾಣುವುದಿಲ್ಲ, ಬಸ್ಸಿನವನಿಗೆ ಒಳಗೆ ಕೂತವರೂ ಕಾಣುವುದಿಲ್ಲ. ಬಸ್ಸು ಬುರ್ರೆಂದು ಹೋಗಿ ಚನ್ನಯ್ಯನ ಅಂಗಡಿಯ ಮುಂದೆ ನಿಲ್ಲುತ್ತದೆ, ಜನವೂ ಮೊದಲಿನಂತೆ ಅಲ್ಲೇ.

ಎಷ್ಟೋ ತಿಂಗಳು ಇವರು ಇದನ್ನು ನೋಡಿದರು. ಒಂದು ಸಂಜೆ ಜಗಲಿಯಲ್ಲಿ ಕೂತು ನನ್ನನ್ನೇ ಕೇಳಿದರು.

"ಅಲ್ಲಾ, ಇಷ್ಟು ಜನಕ್ಕೆ ಗೊತ್ತಿತ್ತು, ಅಲ್ಲಿ ಬಸ್ಸು ಕಾಣ್ತಿಲ್ಲೆ ಹೇಳಿ. ಆನು ಕೇಳಿದಾಗ ಎಂತಕ್ಕೆ ಹೇಳಿದ್ವಿಲ್ಲೆ?"

"ಎಲ್ಲರೂ ಹೇಳಿದ್ವಲಿ. ಅಡ್ಡಿಲ್ಲೆ ಹೇಳಿದ."

"ಅಡ್ಡಿಲ್ಲೆ ಹೇಳಿರೆ ಒಪ್ಪಿಗೆ ಅಲ್ದಾ?"

ನನಗೆ ನಗು ತಡೆಯಲಾಗಲಿಲ್ಲ. ಇದೇ ಸೀಮೆಯಲ್ಲಿ ಹುಟ್ಟಿದವರು, ಸಾವಿರ ಸಾಕ್ಷಿಗಳನ್ನು ಅಡ್ಡಸವಾಲು ಮಾಡಿದ ವಕೀಲರು! "ಅಡ್ಡ ಬತ್ತ್ವಿಲ್ಲೆ ಹೇಳಿ ಅದ್ರ ಅರ್ಥ, ಅಷ್ಟೇಯ. ನಿಂಗಳ ದೊಡ್ಡಸ್ತಿಕೆಗೆ ಅಡ್ಡ ಬಪ್ಪಲಾಗ ಹೇಳಿ ಊರವು ಸುಮ್ಮಂಗಾದ. ಚೊಲೋ ಇದ್ದು ಹೇಳಾದ್ರೆ ‘ಅಡ್ಡೀಇಲ್ಲೆ’ ಹೇಳಿ ಎಳೀತ. ಬೇಡದೇ ಇದ್ರೆ ಮೊಟಕು ಮಾಡ್ತ, ಮಾಡಿ ಮೊಗ ಆಚೆ ತಿರುಗಿಸ್ತ. ಅಂದು ಚನ್ನಯ್ಯ ಎಂತ ಮಾಡಿದ?"

ಇವರು ಯೋಚಿಸಿದರು. "ಗ್ಲಾಸು ತೊಳದ," ಎಂದರು ನಿಧಾನವಾಗಿ. ಮುಖ ಇಳಿಯಿತು.

ಮರುದಿನ ಬೆಳಗ್ಗೆ ಸೀದಾ ಅಂಗಡಿಗೆ ಹೋದರು. ನನಗೂ ಸಕ್ಕರೆ ಬೇಕಿತ್ತು, ಹಿಂದೆಯೇ ಹೋದೆ. ಗಿರಾಕಿಗಳು ಇರಲಿಲ್ಲ.

"ಚನ್ನಯ್ಯಾ, ಅವತ್ತು ನಾನು ನಿಲ್ತೇನೆ ಅಂದಾಗ ನೀನು ಅಡ್ಡಿಲ್ಲ ಅಂದೆ. ನಿಜವಾಗ್ಲೂ ಅಡ್ಡಿ ಇರ್ಲಿಲ್ವಾ?"

ಚನ್ನಯ್ಯ ಸಕ್ಕರೆ ಕಟ್ಟುತ್ತಿದ್ದ. ದಾರ ಸುತ್ತಿ, ಗಂಟು ಹಾಕಿ, ಪೊಟ್ಟಣ ನನ್ನ ಕೈಗೆ ಕೊಟ್ಟ ಮೇಲೆ ಮಾತಾಡಿದ.

"ಇತ್ತು ಹೆಗಡೇರೆ. ಬೇಕಾದಷ್ಟಿತ್ತು. ಆ ವಾರ್ಡಿಗೆ ನಿಲ್ಬೇಕು ಅಂತ ನಾ ಎಷ್ಟು ವರ್ಷದಿಂದ ಮನೆಮನೆ ತಿರುಗಿದ್ದೆ. ಶಾಲೆ ಜಗಲೀಲಿ ಕೂತ್ಕಂಡು ಹೆಗಡೇರ ಮರ್ಯಾದಿ ಅಂದ್ರು, ಊರ ಮರ್ಯಾದಿ ಅಂದ್ರು. ಚನ್ನಯ್ಯಂದೂ ಒಂದು ಅದೆ ಅಂತ ಒಬ್ರೂ ಅನ್ಲಿಲ್ಲ."

"ನನ್ನ ಹತ್ರ ಹೇಳ್ಬೇಕಿತ್ತಲ್ಲ ಮಾರಾಯಾ."

"ಹೇಳಿದ್ನಲ್ಲ. ಅಡ್ಡಿಲ್ಲ ಅಂದೆ."

ಇವರು ಬೆಂಚಿನ ಮೇಲೆ ಕೂತರು. ಇವರು ಯಾರ ಹತ್ತಿರವೂ ತಪ್ಪಾಯಿತು ಎಂದವರಲ್ಲ, ವಕೀಲರಿಗೆ ಆ ಅಭ್ಯಾಸವಿರುವುದಿಲ್ಲ. ಅಂದು ಮಾತ್ರ ತಪ್ಪಾಯಿತು ಎಂದರು. ಆಮೇಲೆ ಎದ್ದು ನಿಂತು, "ಮುಂದಿನ ಸಲ ನೀನು ನಿಲ್ಬೇಕು. ನಾನೂ ನಿಲ್ತೇನೆ. ಯಾರು ಬಂದು ಹೇಳಿದ್ರೂ ಹಿಂದೆ ತೆಗೀಬಾರ್ದು. ತೆಗೆದ್ರೆ ನಿನ್ನ ಅಂಗಡಿ ಚಹಾ ಕುಡಿಯೋದಿಲ್ಲ," ಎಂದರು.

ಚನ್ನಯ್ಯ ಇವರ ಮುಖವನ್ನೇ ನೋಡಿದ. "ಸೋತ್ರೆ ಬೇಜಾರು ಮಾಡ್ಕಂಬಾರ್ದು ಮತ್ತೆ."

"ನೀನು ಸೋತ್ರೆ?"

"ನಾ ಎಂತಕ್ಕೆ ಸೋಲ್ತೆ?" ಎಂದ ಚನ್ನಯ್ಯ. ಇವರು ದಾರಿಯುದ್ದಕ್ಕೂ ನಗುತ್ತಾ ಬಂದರು.

ಎರಡು ಸಾವಿರದ ಐದರ ಚುನಾವಣೆ ಬಂತು. ಹಿರಿಯರು ಮತ್ತೆ ಶಾಲೆಯ ಜಗಲಿಯಲ್ಲಿ ಸೇರಿದರು. ಈ ಸಲ ಕರೆಯದಿದ್ದರೂ ಇವರೇ ಹೋಗಿ ನಿಂತು, ನನಗೆ ಚುನಾವಣೆ ಬೇಕು, ದಯವಿಟ್ಟು ಯಾರೂ ಮರ್ಯಾದೆ ಕೊಡಬೇಡಿ ಎಂದು ಕೈ ಮುಗಿದು ಬಂದರು. ಗುರುತು ಕೊಡುವಾಗ ಇವರಿಗೆ ಏಣಿ ಬಂತು, ಚನ್ನಯ್ಯನಿಗೆ ತಕ್ಕಡಿ. ಅಂಗಡಿಯವನಿಗೆ ತಕ್ಕಡಿ ಬರಬೇಕಾದ್ದೇ. ಏಣಿ ನೋಡಿ ನಾನು ಸುಮ್ಮನಿರಲಾರದೆ, "ದೆಹಲಿಂದ ಇಳದು ಬಪ್ಪಲೆ ಬೇಕಾಗಿತ್ತು, ಈಗ ಬಂತು ನೋಡಿ," ಎಂದೆ.

ರಸೂಲನಿಗೆ ಫಜೀತಿ. ಸುತ್ತಲಿಗೆ ಬಾಡಿಗೆಗೆ ಸಿಗುವ ಜೀಪು ಅವನದೊಂದೇ. "ಸಾಹೇಬ್ರೆ, ಬೆಳಗ್ಗೆ ಏಣಿ ಕಟ್ತೇನೆ, ಮಧ್ಯಾಹ್ನದ ಮೇಲೆ ತಕ್ಕಡಿ ಕಟ್ತೇನೆ. ಪೆಟ್ರೋಲು ಎರಡಕ್ಕೂ ಒಂದೇ," ಎಂದ. ಹಾಗೆಯೇ ನಡೆಯಿತು. ಒಂದು ದಿನ ಬ್ಯಾನರು ಬದಲಾಯಿಸುವ ಹೊತ್ತಿಗೆ ಇಬ್ಬರೂ ತಂಗುದಾಣದ ಹತ್ತಿರ ಎದುರುಬದುರಾದರು.

"ನಾ ಗೆದ್ರೆ ಈ ಗೋಡೆಗೊಂದು ಕಿಟಕಿ ಒಡಸ್ತೆ. ಬಸ್ಸು ಕಾಣ್ತದೆ," ಎಂದ ಚನ್ನಯ್ಯ, ಜನ ಕೇಳುವಂತೆ.

"ಕಿಟಕಿ ಒಡೆದ್ರೆ ಬೀಮು ಬಿರುಕು ಬಿಡ್ತದೆ. ತಿರುವಿನ ಆ ದಿಬ್ಬ ಕಡಿಸ್ಬೇಕು," ಎಂದರು ಇವರು.

"ದಿಬ್ಬ ಫಾರೆಸ್ಟಿನವ್ರದ್ದು ಹೆಗಡೇರೆ. ನೀವು ಕಾಗದ ಬರಿಯೋದ್ರೊಳಗೆ ನಮ್ಮ ಮಕ್ಕಳ ಮದಿ ಆಗ್ತದೆ."

ಸೇರಿದವರು ಹೋ ಎಂದರು. ಇವರೂ ಬಿಡಲಿಲ್ಲ, ಬೀಮು, ಸಿಮೆಂಟು, ಕಾಯಿದೆ ಎಂದು ಪಟ್ಟು ಹಿಡಿದರು. ಬಸ್ಸು ಬಂದು, ಹತ್ತಬೇಕಾದವರು ಹತ್ತದೆ ಜಗಳ ಕೇಳುತ್ತ ನಿಂತಿದ್ದರಿಂದ ಕಂಡಕ್ಟರ್ ಬೈದು ಹೋದ. ಈ ಊರಿನಲ್ಲಿ ನನ್ನ ಗಂಡನಿಗೆ ಯಾರಾದರೂ ಎದುರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರ ಮುಖ ನೋಡಬೇಕಿತ್ತು. ಕೆಂಪಗೆ, ಬೆವರಿಕೊಂಡು, ಬಹಳ ಚೆನ್ನಾಗಿತ್ತು.

ರಸ್ತೆಯಾಚೆಯ ನಾಗಿ ಮನೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಇವರು ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದಂತೆ ಅವಳು, "ನಮ್ಮನೆ ವೋಟು ಚನ್ನಯ್ಯಂಗೆ ಹೆಗಡೇರೆ. ನನ್ ಮಗಳ ಹೆರಿಗೆಗೆ ಗಾಡಿ ತಂದೋನು ಅವ. ಈಗ್ಲೇ ಹೇಳ್ಬಿಡ್ತೆ, ಆಮೇಲೆ ನೀವು ಬೇಜಾರು ಮಾಡ್ಕಂಬದು ಬ್ಯಾಡ. ಕೂತ್ಕಳಿ, ನೀರು ಬೆಲ್ಲ ತತ್ತೆ," ಎಂದಳು. ಇವರು ಕೂತು, ಬೆಲ್ಲ ತಿಂದು, ನೀರು ಕುಡಿದು ಬಂದರು. "ನಾಗಿ ಎನಗೆ ಹಾಕ್ತಿಲ್ಲೆ ಹೇಳ್ತು!" ಎಂದು ಮನೆಗೆ ಬಂದು, ದೊಡ್ಡ ಬಹುಮಾನ ಬಂದವರ ಹಾಗೆ ನನಗೆ ವರದಿ ಒಪ್ಪಿಸಿದರು. ಉಳಿದ ಮನೆಗಳಲ್ಲಿ ಅಡ್ಡಿಲ್ಲೆ ಎಂದವರಿಗೆ, "ಎಳೆದು ಹೇಳಿದ್ದೋ, ಮೊಟಕು ಮಾಡಿ ಹೇಳಿದ್ದೋ?" ಎಂದು ಕೇಳಿ ನಗಿಸಿ ಬರುತ್ತಿದ್ದರು.

ಎಣಿಕೆ ಸಿದ್ದಾಪುರದಲ್ಲಿ. ಮಧ್ಯಾಹ್ನದ ಹೊತ್ತಿಗೆ ನಮ್ಮ ವಾರ್ಡು ಮುಗಿಯಿತು. ನಾನು ಹೊರಗೆ ಮರದ ಕೆಳಗೆ ರಸೂಲನ ಜೀಪಿನಲ್ಲಿ ಕೂತಿದ್ದೆ. ಮೊದಲು ಚನ್ನಯ್ಯ ಬಂದ, ಕೊರಳಲ್ಲಿ ಹಾರ. ನನ್ನನ್ನು ನೋಡಿದವನೇ ಹಾರ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡ. ಗೆದ್ದವನು ಹಾಗೆ ಕಳ್ಳನಂತೆ ನಿಂತದ್ದು ನೋಡಿ ನನಗೆ ವಿಷಯ ತಿಳಿಯಿತು. ಐದು ವರ್ಷ ಕಾದದ್ದು ಇದಕ್ಕೇ ಏನು ಎಂದು ಅಳು ಬಂದಂತಾಯಿತು. ಏನೇ ಹೇಳಲಿ, ನನ್ನ ಗಂಡನಲ್ಲವೇ.

ಹಿಂದೆಯೇ ಇವರು ಬಂದರು. ಚನ್ನಯ್ಯನ ಕೈಯಿಂದ ಹಾರ ಕಸಿದುಕೊಂಡು ಮತ್ತೆ ಅವನ ಕೊರಳಿಗೇ ಹಾಕಿ, "ಬಾ, ಜೀಪು ಹತ್ತು. ಎರಡು ಬಾಡಿಗೆ ಎಂತಕ್ಕೆ," ಎಂದರು.

ನಾಲ್ವರೂ ಒಟ್ಟಿಗೆ ಬಂದೆವು. ದಾರಿಯಲ್ಲಿ ರಸೂಲ್ ಮೆಲ್ಲಗೆ ಕೇಳಿದ. "ಎಷ್ಟು ಬಿತ್ತು ಸಾಹೇಬ್ರೆ?"

"ನೂರಾ ಮೂವತ್ತೆಂಟು. ಚನ್ನಯ್ಯಂಗೆ ನೂರಾ ಎಪ್ಪತ್ತೊಂದು," ಎಂದು ಥಟ್ಟನೆ ಹೇಳಿದರು. ಸ್ವಲ್ಪ ತಡೆದು, "ಅಂತರ ಮೂವತ್ಮೂರು," ಎಂದರು. ದೆಹಲಿಯ ವಾಕಿಂಗಿನಲ್ಲಿ ಆಡುತ್ತಿದ್ದ ಮಾತು ಅದು. ಇಷ್ಟು ವರ್ಷಕ್ಕೆ ಇವರಿಗೂ ಒಂದು ಅಂಕೆ ಸಿಕ್ಕಿತ್ತು.

ಚನ್ನಯ್ಯ ಅಂಗಡಿಯ ಮುಂದೆ ಇಳಿದ. ಜನ ಸೇರಿದ್ದರು. ಇವರು ಜೀಪಿನಿಂದಲೇ ತಲೆ ಹೊರಹಾಕಿ, "ಕಿಟಕಿ ಒಡೆಸುವಾಗ ಬೀಮು ನೋಡ್ಕೋ ಮಾರಾಯಾ," ಎಂದು ಕೂಗಿದರು. "ನೋಡ್ಕಂತೆ. ನೀವೂ ಬಂದು ನಿಂತ್ಕಳಿ," ಎಂದ ಚನ್ನಯ್ಯ.

ಮನೆಗೆ ಬಂದು ಇವರು ಜಗಲಿಯ ಮೇಲೆ ಕೂತರು. ಚಪ್ಪಲಿ ಬಿಚ್ಚಿದರು. ಐದು ವರ್ಷದ ಹಿಂದೆ ತಂದ ಅದೇ ಚಪ್ಪಲಿ, ಈಗ ಹಿಮ್ಮಡಿಯಲ್ಲಿ ಸವೆದಿತ್ತು. ನಾನು ಕಂಬಕ್ಕೊರಗಿ ನಿಂತು ಕೇಳಿದೆ.

"ಬೇಜಾರಾತಾ?"

"ನೂರಾ ಮೂವತ್ತೆಂಟು ಜನ, ಪರಿಮಳಾ," ಎಂದರು. ದನಿ ಒದ್ದೆಯಾಗಿತ್ತು, ಆದರೆ ನಗುತ್ತಿದ್ದರು. "ಚನ್ನಯ್ಯನಂಥವ ಎದುರಿಗೆ ನಿಂತಿದ್ದಾಗ್ಲೂ, ಒಳಗೆ ಒಬ್ಬೊಬ್ಬರೇ ಹೋಗಿ, ಎನ್ನೇ ಬೇಕು ಹೇಳಿದ್ದ. ಅಡ್ಡಿಲ್ಲೆ ಹೇಳಿದ್ವಿಲ್ಲೆ. ಬೇಕು ಹೇಳಿದ್ದ."

ಆಮೇಲೆ ನನ್ನ ಕಡೆ ಓರೆಗಣ್ಣಿನಿಂದ ನೋಡಿ, "ಅದ್ರಲ್ಲಿ ನಿಂದೂ ಒಂದು ಇದ್ದಲೇ?" ಎಂದರು.

"ವಕೀಲರಾಗಿ ಅದ್ನೆಲ್ಲ ಕೇಳಲಾಗ. ಗುಪ್ತ ಮತದಾನ," ಎಂದೆ. ಒಳಗೆ ತಿರುಗಿ, ದಿನಾ ಕೇಳುವಂತೆಯೇ ಕೇಳಿದೆ.

"ಚಾ ಅಕ್ಕಾ?"

"ಬೇಕು," ಎಂದರು.

ನಾನು ಹೊಸ್ತಿಲಲ್ಲೇ ನಿಂತೆ. ತಿರುಗಿ ನೋಡಿದೆ. ಅವರು ಬೆರಳಿನ ಶಾಯಿ ನೋಡಿಕೊಳ್ಳುತ್ತ ಕೂತಿದ್ದರು. ನಾನು ಒಳಗೆ ಹೋಗಿ ಎರಡು ಲೋಟಕ್ಕೆ ನೀರಿಟ್ಟೆ.